ಗರುಡನಿಗೆ ರಾಹುಕಾಲ

ಬೇರೆಯವರು ಬರೆದ ಪ್ರೋಗ್ರಾಮನ್ನು ಓದುವಾಗ ಶೀನಣ್ಣ ಮೂಗಿಗೆ ಕರ್ಚೀಫು ಹಿಡಿದುಕೊಳ್ಳುತ್ತಿರಲಿಲ್ಲ, ಅಷ್ಟೇ. ಮುಖವೇನೋ ಹಾಗೇ ಆಗುತ್ತಿತ್ತು. ಮೊದಲ ನಾಲ್ಕು ಸಾಲಿಗೆ ಹುಬ್ಬು ಮೇಲೇರುತ್ತಿತ್ತು. ಹತ್ತನೇ ಸಾಲಿಗೆ ‘ರಾಮರಾಮಾ’ ಅನ್ನುತ್ತಿದ್ದ. ಇಪ್ಪತ್ತನೇ ಸಾಲಿಗೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಇದನ್ನು ಬರೆದವರು ಓದಿದ್ದು ಯಾವ ಕಾಲೇಜಿನಲ್ಲಿ ಎಂದು ಇಡೀ ಆಫೀಸಿಗೆ ಕೇಳಿಸುವಂತೆ ವಿಚಾರಿಸುತ್ತಿದ್ದ. ಉತ್ತರ ಯಾವ ಕಾಲೇಜಾಗಿದ್ದರೂ ಅವನ ತೀರ್ಪು ಒಂದೇ. ಆ ಕಾಲೇಜನ್ನು ಮುಚ್ಚಿ ಅಲ್ಲಿ ಕಲ್ಯಾಣ ಮಂಟಪ ಮಾಡಬೇಕು.

ಚಾಮರಾಜಪೇಟೆಯ ಐದನೇ ಮೇನ್ ರೋಡಿನಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರ ಮಹಡಿಯ ಮೇಲೆ ‘ಸುಮುಖ ಡಿಜಿಟಲ್ಸ್’ ಎಂಬ ಹನ್ನೊಂದು ಜನರ ಕಂಪನಿ ಇದೆ. ಶೀನಣ್ಣ ಅಲ್ಲಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು, ವಯಸ್ಸು ಐವತ್ತಾರಾಯಿತು. ಊರಿನ ನಲವತ್ತು ದೇವಸ್ಥಾನಗಳ ಸೇವಾ ಬುಕಿಂಗು ಈ ಕಂಪನಿಯ ಮೂಲಕ ನಡೆಯುತ್ತದೆ. ಭಕ್ತರು ಮನೆಯಲ್ಲಿ ಕೂತು ಫೋನಿನಲ್ಲಿ ಕುಂಕುಮಾರ್ಚನೆಯನ್ನೋ ಅಭಿಷೇಕವನ್ನೋ ಆರಿಸಿ, ಹೆಸರು, ಗೋತ್ರ, ನಕ್ಷತ್ರ ತುಂಬಿ ಒಂದು ಗುಂಡಿ ಒತ್ತುತ್ತಾರೆ. ಆ ವಿವರ ಕಂಪನಿಯ ಮೆಷೀನಿಗೆ ಬಂದು, ಬ್ಯಾಂಕಿಗೆ ಹೋಗಿ ಹೂಂ ಅನ್ನಿಸಿಕೊಂಡು, ಕೊನೆಗೆ ದೇವಸ್ಥಾನದ ಕೌಂಟರಿನಲ್ಲಿ ಚೀಟಿಯಾಗಿ ಇಳಿಯಬೇಕು. ಹೀಗೆ ಒಂದು ಮೆಷೀನಿನ ಮಾತನ್ನು ಇನ್ನೊಂದು ಮೆಷೀನಿಗೆ ಮುಟ್ಟಿಸುವ ಏರ್ಪಾಟಿಗೆ ವೆಬ್ ಸರ್ವಿಸ್ ಎಂದು ಹೆಸರು. ಮಾತನ್ನು ಈ ಕಡೆ ಗಂಟು ಕಟ್ಟಿ ಆ ಕಡೆ ಬಿಚ್ಚುವ ಸಾಮಾನು ಸರಂಜಾಮಿಗೆ ಟೂಲ್‌ಕಿಟ್ ಅನ್ನುತ್ತಾರೆ.

ಸುಮುಖದ ಟೂಲ್‌ಕಿಟ್ಟನ್ನು ಬರೆದವನು ಶೀನಣ್ಣ. ಒಬ್ಬನೇ ಕೂತು ಹದಿನಾಲ್ಕು ತಿಂಗಳು ಬರೆದು ಅದಕ್ಕೆ ‘ಗರುಡ’ ಎಂದು ಹೆಸರಿಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇದಕ್ಕಂತೂ ಹೆತ್ತವನೇ ಗರುಡ ಎಂದು ನಾಮಕರಣ ಮಾಡಿದ್ದರಿಂದ ಹೆಗ್ಗಣ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೆಲವು ವರ್ಷಗಳಿಂದ ಬುಕಿಂಗ್ ಮಾಡುವಾಗ ಫೋನಿನಲ್ಲಿ ಆ ಸಣ್ಣ ಚಕ್ರ ಸುತ್ತುತ್ತಲೇ ಇರುತ್ತದೆ, ಚೀಟಿ ಬರುವುದಿಲ್ಲ ಎಂದು ದೂರುಗಳು ಬರುತ್ತಿದ್ದವು. ಶೀನಣ್ಣನ ಪ್ರಕಾರ ತಪ್ಪು ಬ್ಯಾಂಕಿನದು. ಬ್ಯಾಂಕಿನದಲ್ಲದಿದ್ದರೆ ಫೋನಿನದು. ಫೋನಿನದೂ ಅಲ್ಲದಿದ್ದರೆ ಭಕ್ತರ ಬೆರಳಿನದು.

ಗರುಡಕ್ಕೆ ಎದುರಾಳಿ ಹುಟ್ಟಿದ್ದು ಕಿಟಕಿ ಪಕ್ಕದ ಮೇಜಿನಲ್ಲಿ. ಅಲ್ಲಿ ಕೂರುವ ಯಶಶ್ರೀ ಕಂಪನಿಗೆ ಬಂದು ಎರಡು ವರ್ಷ. ಅವಳಪ್ಪ ಮುನಿಗಂಗಪ್ಪ ಕಲಾಸಿಪಾಳ್ಯದಲ್ಲಿ ಸೊಪ್ಪಿನ ಸಗಟು ವ್ಯಾಪಾರಿ. ಯಾರು ಬೇಕಾದರೂ ಬಳಸಬಹುದಾದ ಟೂಲ್‌ಕಿಟ್ಟೊಂದನ್ನು ಅವಳು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಬೇಡದ್ದನ್ನು ಕತ್ತರಿಸಿ, ದೇವಸ್ಥಾನದ ಕೆಲಸಕ್ಕೆ ಒಗ್ಗಿಸಿ, ‘ಅಳಿಲು’ ಎಂದು ಕರೆಯುತ್ತಿದ್ದಳು. ಶೀನಣ್ಣ ಅದರ ಇಪ್ಪತ್ತು ಸಾಲು ಓದಿ ಕುರ್ಚಿ ಹಿಂದಕ್ಕೆ ತಳ್ಳಿದ್ದ.

“ಬೀದೀಲಿ ಸಿಕ್ಕಿದ್ದನ್ನ ತಂದು ದೇವರ ಮನೇಲಿ ಇಡ್ತಾರೇನಮ್ಮಾ?”

“ತೊಳೆದೇ ತಂದಿದೀನಿ ಸಾರ್,” ಎಂದಿದ್ದಳು ಯಶಶ್ರೀ.

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂತು. ನೂರಿಪ್ಪತ್ತು ದೇವಸ್ಥಾನಗಳ ಒಕ್ಕೂಟವೊಂದು ತಮ್ಮ ಬುಕಿಂಗನ್ನೆಲ್ಲ ಸುಮುಖಕ್ಕೆ ವಹಿಸಲು ಮುಂದೆ ಬಂದಿತ್ತು. ಒಕ್ಕೂಟದ ಕಾರ್ಯದರ್ಶಿ ನಾರಾಯಣಪ್ಪನದು ಒಂದೇ ಷರತ್ತು: ಯಾವ ಟೂಲ್‌ಕಿಟ್ ಬಳಸುತ್ತೀರಿ, ಅದು ಎಷ್ಟು ವೇಗ ಎನ್ನುವುದು ಕರಾರು ಪತ್ರದಲ್ಲಿ ಬರೆದಿರಬೇಕು. ಕಂಪನಿಯ ಮಾಲೀಕ ಚಕ್ರಪಾಣಿ ಸ್ಥಾಪಕರ ಮಗ. ಸಾಫ್ಟ್‌ವೇರಿನ ವಿಷಯದಲ್ಲಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಪಂಚಾಂಗದ ವಿಷಯದಲ್ಲಿ ಮಾತ್ರ ಅವನನ್ನು ಯಾರೂ ಯಾಮಾರಿಸುವ ಹಾಗಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಅವನು ಎಲ್ಲರನ್ನೂ ಕೂರಿಸಿಕೊಂಡ.

“ಎರಡನ್ನೂ ಓಡಿಸಿ ನೋಡೋಣ. ಯಾವ್ದು ಫಾಸ್ಟೋ ಅದು ಇರತ್ತೆ, ಇನ್ನೊಂದನ್ನ ಮೆಷೀನಿಂದ ತೆಗೆದ್ಬಿಡೋಣ. ಎರಡೆರಡು ಸಾಕೋಕಾಗಲ್ಲ. ಟೆಸ್ಟು ಶೀನಣ್ಣನೇ ಮಾಡ್ಲಿ. ಅವರಷ್ಟು ನಿಯತ್ತಾಗಿ ಮಾಡೋರು ಯಾರಿದಾರೆ?”

ಗರುಡ ತೆಗೆಯುವ ಮಾತು ಕೇಳಿ ಶೀನಣ್ಣನಿಗೆ ಭಯವಾಯಿತು. ಅದಿಲ್ಲದೆ ತಾನು ಈ ಆಫೀಸಿನಲ್ಲಿ ಏನು? ಯಾರೂ ಓದದ ಹಳೆಯ ಬೋರ್ಡು. ಆದರೆ ‘ನಿಯತ್ತು’ ಎಂಬ ಮಾತು ಆ ಭಯವನ್ನು ಮುಚ್ಚಿಬಿಟ್ಟಿತು. ತನ್ನ ಸಹಿಯ ಕೆಳಗೆ ಒಂದು ಸುಳ್ಳು ಅಂಕಿಯೂ ಹೊರಗೆ ಹೋಗಿಲ್ಲ ಎನ್ನುವುದು ಅವನ ದೊಡ್ಡ ಹೆಮ್ಮೆ, ಮತ್ತು ಅದು ನಿಜವೂ ಆಗಿತ್ತು.

“ಸಾರ್, ಟೆಸ್ಟಿಗೆ ಬೇರೆ ಮೆಷೀನ್ ತಗೊಳ್ಳೋಣ್ವಾ?” ಎಂದಳು ಯಶಶ್ರೀ. “ಈಗಿರೋ ಮೆಷೀನಲ್ಲಿ ದಿನಾ ಬರೋ ಬುಕಿಂಗೆಲ್ಲ ನಡೀತಿರತ್ತೆ. ಯಾವಾಗ ಎಷ್ಟು ಭಾರ ಇರತ್ತೋ ಗೊತ್ತಾಗಲ್ಲ. ನಮ್ಮಪ್ಪ ಸೊಪ್ಪು ತೂಕಕ್ಕೆ ಹಾಕೋಕ್ಮುಂಚೆ ಖಾಲಿ ತಕ್ಕಡಿ ಸಮ ಇದೆಯಾ ಅಂತ ನೋಡ್ಕೊಳ್ತಾರೆ.”

ಶೀನಣ್ಣ ನಕ್ಕ. ನಗುವಾಗ ಅವನು ಸಾಮಾನ್ಯವಾಗಿ ಎದುರಿಗಿದ್ದವರನ್ನು ಬಿಟ್ಟು ಉಳಿದವರ ಕಡೆ ನೋಡುತ್ತಿದ್ದ.

“ಇದು ಸೊಪ್ಪಿನ ವ್ಯಾಪಾರ ಅಲ್ಲಮ್ಮಾ. ನಾನು ಒಂದು ದಿನ ಅಲ್ಲ, ಮೂರು ದಿನ ಓಡಿಸ್ತೀನಿ. ಮೂರು ಬೇರೆ ಬೇರೆ ಹೊತ್ತಲ್ಲಿ. ಭಾರಗೀರ ಎಲ್ಲ ತಾನೇ ಸಮ ಆಗತ್ತೆ. ಸ್ಟ್ಯಾಟಿಸ್ಟಿಕ್ಸ್ ಅಂತ ಒಂದಿದೆ, ಕೇಳಿದೀಯಾ? ನಿಮ್ಮ ಕಾಲೇಜಲ್ಲಿ ಹೇಳ್ಕೊಟ್ಟಿರಲ್ಲ ಬಿಡು.”

ಇಬ್ಬರು ನಕ್ಕರು.

“ಯಾವಾಗ ಬೇಕಾದ್ರೂ ಮಾಡಿ,” ಎಂದ ಚಕ್ರಪಾಣಿ, “ರಾಹುಕಾಲದಲ್ಲಿ ಮಾತ್ರ ಶುರು ಮಾಡ್ಬೇಡಿ ಶೀನಣ್ಣ. ದೇವರ ಕೆಲಸ.”

ಶೀನಣ್ಣನಿಗೆ ಬೇಕಾಗಿದ್ದೂ ಇಂಥದೇ ಒಂದು ಮಾತು. ದಿನಕ್ಕೆ ಒಂದೂವರೆ ಗಂಟೆ ಕೈಕಟ್ಟಿ ಕೂರುವುದನ್ನು ಅವನು ಜೀವಮಾನವಿಡೀ ಗೇಲಿ ಮಾಡಿದ್ದ. ತನ್ನ ಮದುವೆಯ ಮಾತುಕತೆಗೇ ಬೇಕೆಂದು ರಾಹುಕಾಲದಲ್ಲಿ ಹೊರಟು, ಮಾವನ ಮನೆಯವರಿಗೆ ಎದೆ ಬಡಿತ ತಂದವನು. ಅವನು ಎದ್ದು ನಿಂತು, ಭಾಷಣ ಮಾಡುವವನ ಹಾಗೆ ಕೈ ಎತ್ತಿದ.

“ಒಂದು ಕೆಲಸ ಮಾಡೋಣ. ಒಳ್ಳೇ ಹೊತ್ತನ್ನ ಈ ಹುಡುಗಿಗೆ ಕೊಟ್ಬಿಡ್ತೀನಿ. ಅವಳ ಅಳಿಲು ರಾಹುಕಾಲ ಮುಗಿದ ಕೂಡ್ಲೇ ಓಡ್ಲಿ. ನನ್ನ ಗರುಡ ರಾಹುಕಾಲದಲ್ಲೇ ಓಡ್ಲಿ, ಮೂರು ದಿನಾನೂ. ನಿಮ್ಮ ರಾಹುಗೆ ತಾಕತ್ತಿದ್ರೆ ಅದರ ರೆಕ್ಕೆ ಮುರೀಲಿ. ಆಮೇಲೆ ನಾನು ನನ್ನ ಕಡೆಗೆ ವಾಲಿದೆ ಅಂತ ಯಾರೂ ಹೇಳೋ ಹಾಗಿರಲ್ಲ, ಅಲ್ವಾ?”

ಎಲ್ಲರೂ ಹೋ ಎಂದರು. ಚಕ್ರಪಾಣಿ ಕೆನ್ನೆ ಕೆನ್ನೆ ಬಡಿದುಕೊಂಡು, ನಿಮ್ಮಿಷ್ಟ ಎಂದ.

ಶೀನಣ್ಣ ಹೇಳಿದಂತೆ ಮಾಡಿದ. ಅದರಲ್ಲಿ ಕೂದಲೆಳೆಯಷ್ಟೂ ಮೋಸವಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿಕೊಂಡು ಶುಕ್ರವಾರ ಹತ್ತೂ ನಲವತ್ತಕ್ಕೆ ಗರುಡದ ಮೂಲಕ ಐದು ಸಾವಿರ ಸುಳ್ಳು ಬುಕಿಂಗು ಕಳಿಸಿದ. ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಅಳಿಲಿನ ಮೂಲಕ ಅಷ್ಟೇ ಬುಕಿಂಗು. ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಒಂಬತ್ತೂ ಹತ್ತಕ್ಕೆ ಗರುಡ, ಹತ್ತೂವರೆ ದಾಟಿದ ಮೇಲೆ ಅಳಿಲು. ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಗರುಡ, ನಾಲ್ಕೂವರೆಯಾದ ಮೇಲೆ ಅಳಿಲು. ಮೂರು ದಿನವೂ ಗರುಡ ಇಪ್ಪತ್ತೈದು ನಿಮಿಷದಲ್ಲಿ ಕೆಲಸ ಮುಗಿಸಿತು. ಮೂರು ದಿನವೂ ಅಳಿಲಿಗೆ ಒಂದೂವರೆ ಗಂಟೆ ಹಿಡಿಯಿತು.

ಇಂಥ ಗೆಲುವನ್ನು ಶೀನಣ್ಣನೂ ನಿರೀಕ್ಷಿಸಿರಲಿಲ್ಲ. ಸ್ವಲ್ಪ ಆಶ್ಚರ್ಯವಾಯಿತು. ಆಶ್ಚರ್ಯವಾದಾಗ ಬುದ್ಧಿವಂತರು ತಿರುಗಿ ನೋಡುತ್ತಾರೆ. ಶೀನಣ್ಣ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಗುರುವಾರ ಹನ್ನೆರಡು ಪುಟದ ವರದಿ ಬರೆದು, ‘ದಿನದ ಹೊತ್ತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಬದಲಾದರೂ ಫಲಿತಾಂಶ ಬದಲಾಗದಿರುವುದು ಈ ಹೋಲಿಕೆಯ ಸತ್ಯಕ್ಕೆ ಸಾಕ್ಷಿ’ ಎಂಬ ವಾಕ್ಯದ ಕೆಳಗೆ ತಾನೇ ಗೆರೆ ಎಳೆದ. ಕೊನೆಯ ಪುಟದಲ್ಲಿ ‘ರಾಹುವಿನ ಪ್ರಭಾವ: ಶೂನ್ಯ’ ಎಂದು ಒಂದು ಸಾಲು ಹಾಕಿ, ಚಕ್ರಪಾಣಿಗೆ ತೋರಿಸುವಾಗ ಅದನ್ನೇ ಮೊದಲು ತೆರೆದು ತೋರಿಸಿದ.

“ಈಗ್ಲೇ ಒಕ್ಕೂಟದೋರನ್ನ ಕರೆದು ಸಹಿ ಹಾಕ್ಸಿಬಿಡಿ.”

“ಈಗ ಎರಡು ಗಂಟೆ. ಗುರುವಾರ ಮೂರರ ತನಕ ರಾಹುಕಾಲ,” ಎಂದ ಚಕ್ರಪಾಣಿ. “ಆಮೇಲೆ ನಾರಾಯಣಪ್ಪನೋರು ಊರಲ್ಲಿರಲ್ಲ. ನಾಳೆ ಶುಕ್ರವಾರ, ಹನ್ನೆರಡೂ ಐದಕ್ಕೆ ಇಟ್ಕೊಂಡಿದೀನಿ.”

“ನಿಮ್ಮನ್ನ ಆ ದೇವರೇ ಕಾಪಾಡ್ಬೇಕು,” ಎಂದು ಶೀನಣ್ಣ ಹೊರಗೆ ಬಂದ.

ಯಶಶ್ರೀ ಎದುರಾದಳು. ವರದಿ ಅವಳಿಗೂ ಬಂದಿತ್ತು. ಕಣ್ಣು ಸ್ವಲ್ಪ ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. “ಥ್ಯಾಂಕ್ಸ್ ಸಾರ್. ಒಳ್ಳೇ ಟೈಮೆಲ್ಲ ನನ್ನದಕ್ಕೇ ಕೊಟ್ರಿ. ಆದ್ರೂ ಆಗ್ಲಿಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನೀನು ಹಾಗೆ ಅನ್ನಲಿಲ್ಲ, ಅದು ಮೆಚ್ಬೇಕಾದ್ದು,” ಎಂದ ಶೀನಣ್ಣ, ದೊಡ್ಡ ಮನಸ್ಸು ಮಾಡಿ.

ಶುಕ್ರವಾರ ಅವನು ನಿಧಾನವಾಗಿ ಎದ್ದ. ಗೆದ್ದವನಿಗೆ ಅವಸರವೇನು? ಎನ್.ಆರ್. ಕಾಲೋನಿಯ ಮನೆಯಲ್ಲಿ ಹತ್ತೂವರೆಗೆ ದೋಸೆ ತಿನ್ನುತ್ತ ಕೂತಿದ್ದ. ಹೆಂಡತಿ ಭಾಗೀರಥಮ್ಮ ಎದುರಿಗೆ ಕೂತು, ಕನ್ನಡಕ ಏರಿಸಿ ಫೋನಿನಲ್ಲಿ ಏನೋ ತುಂಬುತ್ತಿದ್ದಳು. ತುಂಬಿ ಮುಗಿಸಿ ಫೋನನ್ನು ಮೇಜಿನ ಮೇಲೆ ಇಟ್ಟಳು.

“ಏನದು?”

“ನಿಮ್ಮ ಗರುಡ ಗೆದ್ದಿದೆಯಲ್ಲ, ನಿಮ್ಮ ಹೆಸರಲ್ಲಿ ಒಂದು ಅರ್ಚನೆ ಮಾಡ್ಸೋಣ ಅಂತ. ಎಲ್ಲ ತುಂಬಿದೀನಿ.”

“ತುಂಬಿದ ಮೇಲೆ ಒತ್ತೋದಲ್ವಾ?”

“ಹನ್ನೆರಡಾಗ್ಲಿ. ಈಗ ರಾಹುಕಾಲ.”

ಶೀನಣ್ಣ ದೋಸೆ ಕೈಯಲ್ಲೇ ಹಿಡಿದು ನಕ್ಕ. “ಬ್ಯಾಂಕಿನ ಕಂಪ್ಯೂಟರ್‌ಗೆ ರಾಹು ಯಾರು ಕೇತು ಯಾರು ಗೊತ್ತಾ ಭಾಗೂ? ಇಡೀ ಬೆಂಗಳೂರಲ್ಲಿ ಹೀಗೆ ಬೆರಳು ಕಟ್ಕೊಂಡು ಕೂತಿರೋಳು ನೀನೊಬ್ಳೇ.”

ಮೂವತ್ತು ವರ್ಷ ಇಂಥ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದ ಭಾಗೀರಥಮ್ಮನಿಗೆ ಅವತ್ತು ಯಾಕೋ ರೇಗಿತು.

“ನಾನೊಬ್ಳೇನಾ? ನಮ್ಮ ಭಜನೆ ಗುಂಪಲ್ಲಿ ಅಷ್ಟೂ ಜನ ತುಂಬಿಟ್ಕೊಂಡು ಕಾಯ್ತಿರ್ತಾರೆ. ದೇವರ ಸೇವೇನ ರಾಹುಕಾಲದಲ್ಲಿ ಯಾರ್ರೀ ಹೇಳ್ತಾರೆ? ಮುಗೀತಿದ್ದ ಹಾಗೆ ಎಲ್ಲರೂ ಒಟ್ಟಿಗೆ ಒತ್ತೋದು. ಅದಕ್ಕೇ ನಿಮ್ಮ ಕಂಪನಿದು ಆಗ್ಲೇ ಸುತ್ತೋಕೆ ಶುರು ಮಾಡೋದು. ಶುಕ್ರವಾರ ಹನ್ನೆರಡು ಆಯ್ತು ಅಂದ್ರೆ ಮುಗೀತು, ಒಂದು ಗಂಟೆ ಏನೂ ಬರಲ್ಲ.” ಇಷ್ಟು ಹೇಳಿ, ಹೇಳಬಾರದ್ದು ಬಾಯಿಂದ ಬಿತ್ತು ಎನ್ನುವಂತೆ ನಾಲಿಗೆ ಕಚ್ಚಿಕೊಂಡಳು.

ಶೀನಣ್ಣನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

“ಶನಿವಾರ?”

“ಶನಿವಾರ ಹತ್ತೂವರೆ ಆದ್ಮೇಲೆ.”

“ಮಂಗಳವಾರ?”

“ನಾಲ್ಕೂವರೆ ಆದ್ಮೇಲೆ. ಯಾಕ್ರೀ ಹೀಗೆ ನೋಡ್ತೀರಿ? ಇನ್ನೊಂದು ದೋಸೆ ಹಾಕ್ಲಾ?”

ಬೇಡ ಎಂದು ಅವನು ಎದ್ದ. ಕೈ ತೊಳೆದದ್ದು ಅವನಿಗೆ ನೆನಪಿಲ್ಲ. ಗೇಟಿನ ಹೊರಗೆ ಬಂದು ಸಿಕ್ಕ ಆಟೋ ಹತ್ತಿ ಚಾಮರಾಜಪೇಟೆ ಎಂದ. ದಾರಿಯುದ್ದಕ್ಕೂ ತನ್ನೊಳಗೇ ವಾದಿಸಿದ. ಭಜನೆ ಹೆಂಗಸರ ಮಾತು ಕೇಳಿ ಟೆಸ್ಟ್ ರಿಪೋರ್ಟು ತಿದ್ದುವುದುಂಟೇ? ಒಂದು ಮೂವತ್ತು ಜನ ಹಾಗೆ ಮಾಡಬಹುದು, ಅದರಿಂದ ಮೆಷೀನು ಕುಸಿಯುತ್ತದೆಯೇ? ವಾದ ಚೆನ್ನಾಗಿಯೇ ಇತ್ತು. ಆದರೆ ಅವನಿಗೇ ಅದರಲ್ಲಿ ನಂಬಿಕೆ ಬರಲಿಲ್ಲ. ಮೂರು ಬೇರೆ ಬೇರೆ ಹೊತ್ತು ಎಂದು ಗೆರೆ ಎಳೆದು ಬರೆದಿದ್ದನಲ್ಲ, ಆ ಮೂರೂ ಹೊತ್ತು ರಾಹುವಿನ ಬೆನ್ನು ಹಿಡಿದೇ ಹೋಗಿದ್ದವು.

ಹನ್ನೊಂದೂ ಹತ್ತಕ್ಕೆ ಆಫೀಸಿನಲ್ಲಿ ಕೂತು, ಮೆಷೀನಿನ ಲೆಕ್ಕವನ್ನು ನಿಮಿಷ ನಿಮಿಷಕ್ಕೆ ಬಿಡಿಸಿ ತೆಗೆದ. ಇಪ್ಪತ್ತೆರಡು ವರ್ಷದಲ್ಲಿ ಅವನು ನೋಡಿದ್ದೆಲ್ಲ ದಿನದ ಸರಾಸರಿ. ಹೆಬ್ಬೆರಳಿನಲ್ಲಿ ಒತ್ತುವವರ ನಿಮಿಷಗಳನ್ನು ನೋಡುವುದು ಗುಮಾಸ್ತರ ಕೆಲಸ ಎನ್ನುವುದು ಅವನ ಅಭಿಪ್ರಾಯವಾಗಿತ್ತು. ಈಗ ಕಂಡಿತು. ಕಳೆದ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ಹನ್ನೆರಡು ಹೊಡೆದ ನಿಮಿಷದಲ್ಲಿ ಆರು ಸಾವಿರ ಬುಕಿಂಗು ಒಮ್ಮೆಲೇ ಬಂದು ಬಿದ್ದಿವೆ. ಶನಿವಾರ ಹಾಗೇ, ಮಂಗಳವಾರ ಹಾಗೇ. ಆ ಆರು ಸಾವಿರವನ್ನು ಹೊತ್ತು ಏದುಸಿರು ಬಿಡುತ್ತಿದ್ದದ್ದು ದಿನನಿತ್ಯದ ಕೆಲಸದಲ್ಲಿರುವ ಗರುಡ. ಅದು ಮೆಷೀನನ್ನೆಲ್ಲ ಆಕ್ರಮಿಸಿಕೊಂಡು ಒದ್ದಾಡುವಾಗ, ಮೂಲೆಯಲ್ಲಿ ಉಳಿದ ಜಾಗದಲ್ಲಿ ಅಳಿಲು ತನ್ನ ಪರೀಕ್ಷೆ ಬರೆದಿತ್ತು. ಅದನ್ನು ತಡಮಾಡಿಸಿದ್ದು ಗರುಡವೇ.

ಈಗ ಹನ್ನೊಂದೂ ಇಪ್ಪತ್ತು. ರಾಹುಕಾಲ ನಡೆಯುತ್ತಿತ್ತು, ಮೆಷೀನು ಖಾಲಿ ಇತ್ತು. ಯಶಶ್ರೀಗೆ ಹೇಳದೆ, ಅವನು ಅಳಿಲಿನ ಮೂಲಕ ಐದು ಸಾವಿರ ಬುಕಿಂಗು ಬಿಟ್ಟ.

ಎಂಟು ನಿಮಿಷಕ್ಕೆ ಮುಗಿಯಿತು.

ತಪ್ಪಿರಬೇಕೆಂದು ಮತ್ತೆ ಬಿಟ್ಟ. ಮತ್ತೆ ಎಂಟು ನಿಮಿಷ. ಅದೇ ಖಾಲಿ ಮೆಷೀನಿನಲ್ಲಿ ಗರುಡಕ್ಕೆ ಇಪ್ಪತ್ತೈದು ಹಿಡಿದಿತ್ತು.

ಶೀನಣ್ಣ ಕುರ್ಚಿಯನ್ನು ಹಿಂದಕ್ಕೆ ತಳ್ಳಲಿಲ್ಲ. ತಳ್ಳಿ ಯಾರನ್ನು ಯಾವ ಕಾಲೇಜು ಎಂದು ಕೇಳುವುದು? ತಾನು ಓದಿದ ಕಾಲೇಜು ಬಸವನಗುಡಿಯಲ್ಲೇ ಇತ್ತು, ಗೋಡೆ ಮೊನ್ನೆ ತಾನೇ ಸುಣ್ಣ ಬಳಿಸಿಕೊಂಡು ಬೆಳ್ಳಗೆ ನಿಂತಿತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಭಜನೆ ಗುಂಪಿನ ಹೆಂಗಸರಿಗೆ ಗೊತ್ತಿತ್ತು, ಆದರೆ ತಮಗೆ ಗೊತ್ತಿರುವುದು ಏನು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಯಶಶ್ರೀ ಸೋಲು ಒಪ್ಪಿ ಥ್ಯಾಂಕ್ಸ್ ಕೂಡ ಹೇಳಿ ಮುಗಿಸಿದ್ದಳು. ಪರದೆಯ ಮೇಲಿನ ಈ ಕಿಟಕಿಯೊಂದನ್ನು ಮುಚ್ಚಿ, ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬಂದರೆ, ಹನ್ನೆರಡೂ ಐದಕ್ಕೆ ಗರುಡದ ಹೆಸರು ಕರಾರು ಪತ್ರದಲ್ಲಿ ಕೂರುತ್ತಿತ್ತು. ನೂರಿಪ್ಪತ್ತು ದೇವಸ್ಥಾನ. ಅವನು ರಿಟೈರಾಗುವ ತನಕ ಯಾರೂ ಅದನ್ನು ಅಲ್ಲಾಡಿಸುವ ಹಾಗಿರಲಿಲ್ಲ. ಅವನ ಕೈ ಆ ಕಿಟಕಿಯ ಮೂಲೆಯವರೆಗೂ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಇತ್ತು.

ಅತ್ತ ತನ್ನ ಮೇಜಿನಲ್ಲಿ ಯಶಶ್ರೀ ಅಳಿಲಿನ ಕಾಗದಗಳನ್ನು ಒಂದೊಂದಾಗಿ ಕವರಿಗೆ ಹಾಕಿ ಮೇಜು ಖಾಲಿ ಮಾಡುತ್ತಿದ್ದಳು. ಸಹಿಯಾಗುವ ತನಕವೂ ಕಾಯದೆ, ಅಳಿಲಿನ ಕಥೆ ಮುಗಿಯಿತೆಂದುಕೊಂಡಿದ್ದಳು. ಶೀನಣ್ಣನಿಗೆ ಸೊಪ್ಪಿನ ತಕ್ಕಡಿ ನೆನಪಾಯಿತು, ತಾನು ಯಾರ ಕಡೆ ನೋಡಿ ನಕ್ಕೆ ಎನ್ನುವುದೂ ನೆನಪಾಯಿತು. ಸುಳ್ಳು ಅಂಕಿಗೆ ಸಹಿ ಹಾಕಿಲ್ಲವೆಂದು ಇಪ್ಪತ್ತೆರಡು ವರ್ಷ ಊರೆಲ್ಲ ಡಂಗುರ ಹೊಡೆದವನು, ಈಗ ಒಂದು ಕಾಫಿಯ ಹೊತ್ತಿನಲ್ಲಿ ಅದನ್ನು ನುಂಗಿಕೊಳ್ಳಬೇಕಿತ್ತು. ನುಂಗಲಾಗಲಿಲ್ಲ. ಒಳ್ಳೆಯತನದಿಂದ ಎನ್ನಲಾರೆ. ಅವನ ಜಂಭವೇ ಅಡ್ಡ ಬಂತು.

ಚಕ್ರಪಾಣಿಯ ಕೋಣೆಯೊಳಗೆ ಹೋದಾಗ ಹನ್ನೊಂದೂ ಐವತ್ತು. ಮೇಜಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕರಾರು ಪತ್ರ, ಪಕ್ಕದಲ್ಲಿ ಮುಚ್ಚಳ ತೆಗೆಯದ ಪೆನ್ನು. ನಾರಾಯಣಪ್ಪ ಬಾದಾಮಿ ಹಾಲು ಕುಡಿದು ಗಡಿಯಾರ ನೋಡುತ್ತಿದ್ದ. ಇಬ್ಬರೂ ಕಾಯುತ್ತಿದ್ದರು. ಇವರು ತನ್ನಷ್ಟು ಬುದ್ಧಿವಂತರಾಗಿದ್ದರೆ ನಿನ್ನೆಯೇ ಸಹಿಯಾಗಿ, ಗರುಡ ಉಳಿದಿರುತ್ತಿತ್ತು ಎಂದು ಶೀನಣ್ಣನಿಗೆ ಹೊಳೆಯಿತು. ನಗು ಬರಲಿಲ್ಲ.

ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಚಕ್ರಪಾಣಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ನಿಧಾನವಾಗಿ ಅರಳಿತು.

“ನಾನು ಬಡ್ಕೊಂಡೆ ತಾನೇ, ರಾಹುಕಾಲದ ತಂಟೆ ಬೇಡ ಅಂತ? ಬಿಟ್ಟನಾ ನಿಮ್ಮನ್ನ?”

“ಅದು ರಾಹು ಅಲ್ಲ. ಜನ ಕಾಯ್ತಾರೆ, ಕಾದು ಒಟ್ಟಿಗೆ ಒತ್ತುತಾರೆ, ಅದರಿಂದ...”

“ಯಾರಿಂದ ಕಾಯ್ತಾರೆ ಶೀನಣ್ಣ?”

ನಾರಾಯಣಪ್ಪ ಲೋಟ ಕೆಳಗಿಟ್ಟು, “ಏನಿದೆಯೋ ಅದನ್ನ ಬರೆದು ಕೊಡಿ. ನಾನು ಕಮಿಟಿಗೆ ತೋರಿಸ್ಬೇಕು,” ಎಂದ.

ಶೀನಣ್ಣ ಕೂತು ಬರೆದ. ‘ಗರುಡವನ್ನು ರಾಹುಕಾಲದಲ್ಲಿಯೂ ಅಳಿಲನ್ನು ರಾಹುಕಾಲ ಮುಗಿದ ಕೂಡಲೇ ಓಡಿಸಿದ್ದರಿಂದ ನನ್ನ ಹೋಲಿಕೆ ತಪ್ಪಾಗಿದೆ. ಖಾಲಿ ಮೆಷೀನಿನಲ್ಲಿ ಅಳಿಲು ಗರುಡಕ್ಕಿಂತ ಮೂರು ಪಟ್ಟು ವೇಗ. ಪರೀಕ್ಷೆಗೆ ಮೊದಲು ಮೆಷೀನಿನ ಮೇಲಿನ ಭಾರ ನೋಡಬೇಕೆಂದು ಯಶಶ್ರೀ ಎಚ್ಚರಿಸಿದ್ದರು. ನಾನು ನೋಡಲಿಲ್ಲ.’ ಬರೆದು ಸಹಿಗೆ ಪೆನ್ನು ಇಳಿಸುತ್ತಿದ್ದಂತೆ ಚಕ್ರಪಾಣಿ ಅವನ ಮಣಿಕಟ್ಟು ಹಿಡಿದ.

“ತಡೀರಿ, ತಡೀರಿ. ಇನ್ನೂ ಎರಡು ನಿಮಿಷ ಇದೆ.”

ಹಿಂದಿನ ದಿನವಾಗಿದ್ದರೆ ಶೀನಣ್ಣ ಆ ಕೈ ಕೊಡವಿ ಸಹಿ ಗೀಚಿ, ಮೇಲೊಂದು ಕೊಂಕು ಎಸೆದಿರುತ್ತಿದ್ದ. ಈಗ ಪೆನ್ನನ್ನು ಕಾಗದದಿಂದ ಒಂದು ಅಂಗುಲ ಮೇಲೆ ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಕೂತ. ಎರಡು ನಿಮಿಷ ಬಹಳ ಉದ್ದವಾಗಿತ್ತು. ಊರಿನಲ್ಲಿ ಆರು ಸಾವಿರ ಜನ ತನ್ನ ಹಾಗೇ ಬೆರಳು ಎತ್ತಿ ಹಿಡಿದು ಕೂತಿರುವುದು ಅವನಿಗೆ ಕಾಣಿಸಿತು. ಹನ್ನೆರಡು ಹೊಡೆಯಿತು. ಸಹಿ ಹಾಕಿದ.

ಹೊರಗೆ ಬಂದು ಯಶಶ್ರೀಯ ಮೇಜಿನ ಮುಂದೆ ನಿಂತ. ಅವಳು ಎದ್ದು ನಿಂತಳು. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಅವಳು ಕವರಿನಿಂದ ಕಾಗದಗಳನ್ನು ಒಂದೊಂದಾಗಿ ಹೊರಗೆ ತೆಗೆದಳು.

“ಅವತ್ತು ನಾನು ಇನ್ನೊಂದ್ಸಲ ಹೇಳ್ಬೇಕಿತ್ತು ಸಾರ್.”

“ಹೇಳಿದ್ರೆ ಕೇಳ್ತಿದ್ನಾ?”

“ಇಲ್ಲ ಸಾರ್,” ಎಂದಳು ಯಶಶ್ರೀ.

ಮೆಷೀನಿನಿಂದ ಗರುಡವನ್ನು ತೆಗೆಯುವ ಕೆಲಸವನ್ನು ಶೀನಣ್ಣ ಬೇರೆ ಯಾರಿಗೂ ಬಿಡಲಿಲ್ಲ. ಹದಿನಾಲ್ಕು ತಿಂಗಳ ಬರವಣಿಗೆ, ಅಳಿಸುವುದಕ್ಕೆ ಒಂದು ಸಾಲು ಸಾಕಾಯಿತು. ಆ ವಾರವೆಲ್ಲ ಅವನು ಯಾರ ಪ್ರೋಗ್ರಾಮನ್ನೂ ಬೈಯಲಿಲ್ಲ. ಆಫೀಸಿನವರಿಗೆ ಅವನ ಆರೋಗ್ಯದ ಬಗ್ಗೆ ಚಿಂತೆಯಾಯಿತು.

ಮೂರು ವಾರದ ಮೇಲೆ ಒಂದು ಶುಕ್ರವಾರ ಅವನು ರಜೆ ಹಾಕಿ ಮನೆಯಲ್ಲಿದ್ದ. ಭಾಗೀರಥಮ್ಮ ಎಲ್ಲ ತುಂಬಿಟ್ಟುಕೊಂಡು ಫೋನು ಹಿಡಿದು ಗಡಿಯಾರದ ಕೆಳಗೆ ಕೂತಿದ್ದಳು. ಶೀನಣ್ಣ ಪೇಪರು ಓದುವ ಹಾಗೆ ಮಾಡುತ್ತ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಹನ್ನೆರಡಾಯಿತು. ಅವಳು ಒತ್ತಿದಳು. ಬೆರಳು ತೆಗೆಯುವುದರೊಳಗೆ ಫೋನು ಟಿಣ್ ಎಂದಿತು.

“ಅಯ್ಯೋ, ಬಂದೇ ಬಿಡ್ತು!” ಭಾಗೀರಥಮ್ಮ ಕನ್ನಡಕ ಸರಿಮಾಡಿಕೊಂಡು ಚೀ‍ಟಿಯನ್ನು ಎರಡು ಸಲ ಓದಿದಳು. “ಇಷ್ಟು ವರ್ಷ ಒಂದೊಂದು ಅರ್ಚನೆಗೂ ಗಂಟೆಗಟ್ಟಲೆ ಕಾಯ್ತಿದ್ವಿ. ಯಾರ್ರೀ ಇದನ್ನ ಬರೆದಿದ್ದು?”

“ನಮ್ಮಾಫೀಸಿನ ಹುಡುಗಿ. ಯಶಶ್ರೀ ಅಂತ,” ಎಂದ ಶೀನಣ್ಣ. ಪೇಪರು ಮಡಿಚಿಟ್ಟು ಕೇಳಿದ, “ಇಷ್ಟು ವರ್ಷದಿಂದ ಸುತ್ತುತಿತ್ತು ಅಂತೀಯಲ್ಲ, ಒಂದು ದಿನಾನಾದ್ರೂ ನನಗೆ ಹೇಳ್ಬಾರ್ದಿತ್ತಾ?”

ಭಾಗೀರಥಮ್ಮ ಅವನ ಮುಖ ನೋಡಿದಳು. ಕೋಪವೇನೂ ಇರಲಿಲ್ಲ.

“ನಿಮಗೆ ಯಾರ್ರೀ ಹೇಳ್ತಾರೆ?” ಎಂದು ಫೋನನ್ನು ಚಾರ್ಜಿಗೆ ಹಾಕಿ, ಅನ್ನಕ್ಕೆ ಇಡಲು ಒಳಗೆ ಹೋದಳು.